ಜೇನುಗೂಡಿನ ಜಮಾಖರ್ಚು

ಶ್ರೀಮಠದ ಪ್ರೌಢಶಾಲೆಯ ಈ ವರ್ಷದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನಾನು ಷಟ್ಪದಿಯ ಲಕ್ಷಣವನ್ನೋ ವಚನಗಳ ಗದ್ಯಲಯವನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದರೆ ಅದು ಸಹಜವೇ ಆಗಿದೆ. ಷಟ್ಪದವೆಂದರೆ ಆರು ಕಾಲುಳ್ಳದ್ದು, ಎಂದರೆ ದುಂಬಿ. ಷಟ್ಪದಿಯೆಂದರೆ ಆರು ಪಾದಗಳುಳ್ಳ ಪದ್ಯ. ಈ ಬಾರಿ ನಾನು ಆರು ಪಾದದ ಪದ್ಯವನ್ನು ಬದಿಗಿರಿಸಿ ಆರು ಕಾಲಿನ ಜೀವಿಯ ಕಡೆಗೆ ಹೊರಳಿದ್ದೇನೆ. ಅದೂ ಅದರ ಝೇಂಕಾರವನ್ನು ಕುರಿತಲ್ಲ, ಅದರ ಹುಟ್ಟುಸಾವಿನ ಲೆಕ್ಕವನ್ನು ಕುರಿತು. ಓದುಗ ಮಹನೀಯರು ಸಹನೆಯಿಂದ ಓದಬೇಕೆಂದು ಪ್ರಾರ್ಥನೆ.

ನಮ್ಮ ಪ್ರಾಚೀನ ಕವಿಗಳಿಗೆ ತುಂಬಿ, ಅಳಿ, ಮಧುಕರ, ಭ್ರಮರ ಇವೆಲ್ಲ ಪ್ರಿಯವಾದ ವಸ್ತುಗಳು. ಆದರೆ ಕಾವ್ಯದ ತುಂಬಿ ಬಹುಮಟ್ಟಿಗೆ ಒಂಟಿ. ಅದಕ್ಕೆ ಕಮಲವುಂಟು, ವಿರಹವುಂಟು, ಮನೆಯಿಲ್ಲ, ಸಂಸಾರವಿಲ್ಲ. ಹಳ್ಳಿಯ ಜನರ ಬಾಯಲ್ಲಿರುವ ಜೇನು ಬೇರೆ. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಎಂದು ಅವರು ಗೂಡನ್ನು ನೋಡಿ ಹೆಸರಿಟ್ಟರು; ಒಂದು ನೊಣವನ್ನು ನೋಡಿ ಅಲ್ಲ. ಜೇನೆಂದರೆ ಒಂದು ಕುಟುಂಬವೆಂಬುದನ್ನು ಕವಿಸಮಯಕ್ಕಿಂತ ಈ ಹೆಸರುಗಳೇ ಚೆನ್ನಾಗಿ ಬಲ್ಲವು ಎಂದು ನನಗೆ ತೋರುತ್ತದೆ.

ಈ ವಿಷಯಕ್ಕೆ ನಾನು ಬಂದದ್ದು ಒಂದು ಪದದ ಮೂಲಕ. ನಮ್ಮ ಶಾಲೆಯ ಗಣಿತದ ಅಧ್ಯಾಪಕರು ವಿಜ್ಞಾನ ಪ್ರದರ್ಶನಕ್ಕಾಗಿ ಒಂಬತ್ತನೆಯ ತರಗತಿಯ ಕೆಲವು ಹುಡುಗರೊಡನೆ ಜೇನುಗೂಡಿನ ಜನಸಂಖ್ಯೆಯನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುವ ಕೆಲಸವೊಂದನ್ನು ಹಿಡಿದಿದ್ದರು. ‘ಪಂಡಿತರೇ, ಮಾಡೆಲ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?’ ಎಂದು ಕೇಳಿದರು. ಮಾದರಿ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಪದ. ಆದರೆ ನಮ್ಮಲ್ಲಿ ಮಾದರಿ ವಿದ್ಯಾರ್ಥಿ, ಮಾದರಿ ಗ್ರಾಮ ಎಂದಾಗ ಅನುಕರಣೀಯವಾದುದು ಎಂಬ ಅರ್ಥ ಸೇರಿಕೊಂಡಿದೆ. ಇವರ ಲೆಕ್ಕದ ಗೂಡೋ ಹಲವು ಸಾರಿ ನಾಶವಾಗುವ ಗೂಡು. ಅದು ಯಾರಿಗೂ ಮಾದರಿಯಾಗಲಾರದು. ಪ್ರತಿಕೃತಿಯೆಂದರೆ ಮಣ್ಣಿನ ಬೊಂಬೆ ನೆನಪಾಗುತ್ತದೆ. ಕೊನೆಗೆ ಪ್ರತಿರೂಪ ಎಂಬ ಪದವನ್ನು ಸದ್ಯಕ್ಕೆ ಒಪ್ಪಿದೆವು. ಪದವನ್ನು ಕೊಟ್ಟವನು ಅರ್ಥವನ್ನೂ ತಿಳಿಯಬೇಕಲ್ಲವೆ? ಹಾಗಾಗಿ ಮೂರು ವಾರಗಳ ಕಾಲ ಸಂಜೆಯ ಪ್ರಾರ್ಥನೆಯಾದ ಮೇಲೆ ಆ ಹುಡುಗರ ಪಕ್ಕದಲ್ಲಿ ಕುಳಿತು ನಾನೂ ಪಾಠ ಹೇಳಿಸಿಕೊಂಡೆ.

ಲೆಕ್ಕಕ್ಕೆ ಮೊದಲು ಗೂಡಿನ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ಇಲ್ಲಿ ಹೇಳುವುದು ಪಶ್ಚಿಮ ದೇಶಗಳಲ್ಲಿ ಪೆಟ್ಟಿಗೆಯಲ್ಲಿ ಸಾಕುವ ಮೆಲ್ಲಿಫೆರಾ ಎಂಬ ಜಾತಿಯ ಜೇನಿನ ಸಂಗತಿ. ಏಕೆಂದರೆ ಲೆಕ್ಕಗಳೆಲ್ಲ ನಡೆದಿರುವುದು ಅದರ ಮೇಲೆಯೇ. ಕೆಲಸಗಾರ ನೊಣವು ಮೊಟ್ಟೆಯಾಗಿ 3 ದಿನ, ಮರಿಹುಳುವಾಗಿ ಸುಮಾರು 6 ದಿನ, ಮೇಣದ ಮುಚ್ಚಳದೊಳಗೆ ಕೋಶವಾಗಿ ಸುಮಾರು 12 ದಿನ, ಒಟ್ಟು 21 ದಿನಗಳನ್ನು ಕಳೆದು ಹೊರಬರುತ್ತದೆ. ಹೊರಬಂದೊಡನೆ ಹೂವಿಗೆ ಹಾರುವುದಿಲ್ಲ. ಮೊದಲು ತಾನಿದ್ದಂಥ ಕಣಗಳನ್ನು ಶುಚಿಮಾಡುತ್ತದೆ, ಆಮೇಲೆ ತನ್ನ ತಲೆಯ ಗ್ರಂಥಿಗಳಿಂದ ಸ್ರವಿಸುವ ಆಹಾರವನ್ನು ಮರಿಗಳಿಗೆ ಉಣಿಸುತ್ತದೆ, ಮೇಣ ತೆಗೆದು ಎರಿ ಕಟ್ಟುತ್ತದೆ, ಬಂದ ಮಕರಂದವನ್ನು ಇಸಿದುಕೊಂಡು ತುಂಬಿಸುತ್ತದೆ, ಬಾಗಿಲು ಕಾಯುತ್ತದೆ. ಸಾಮಾನ್ಯವಾಗಿ ಹುಟ್ಟಿ ಎರಡು ಮೂರು ವಾರಗಳಾದ ಮೇಲೆಯೇ ಮೇವಿಗಾಗಿ ಹೊರಗೆ ಹೋಗುವುದು. ಹೊರಗಿನ ಕೆಲಸ ಅದರ ಬಾಳಿನ ಕೊನೆಯ ಆಶ್ರಮ. ಹಕ್ಕಿ, ಜೇಡ, ಮಳೆ, ಗಾಳಿ, ವಿಷ, ದಣಿವು, ಇವುಗಳ ನಡುವೆ ಒಂದೆರಡು ವಾರ ದುಡಿದು ಅದು ಅಲ್ಲೆಲ್ಲೋ ಬಿದ್ದುಹೋಗುತ್ತದೆ. ಬೇಸಗೆಯ ಕೆಲಸಗಾರ ನೊಣದ ಆಯುಸ್ಸು ಎಲ್ಲ ಸೇರಿ ಐದಾರು ವಾರ.

ರಾಣಿಯ ವಿಷಯ ಒಂದು ಮಾತು. ಗ್ರೀಸಿನ ಅರಿಸ್ಟಾಟಲನು ಗೂಡಿನ ಒಡೆಯನನ್ನು ಅರಸನೆಂದೇ ಕರೆದನು. ಅದು ಹೆಣ್ಣೆಂಬುದನ್ನು ಸಾರುವ ಪುಸ್ತಕವನ್ನು ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಬಟ್ಲರ್ 1609ರಲ್ಲಿ ಪ್ರಕಟಿಸಿದನು. ಅರಸನು ಅರಸಿಯಾದಳು. ಗಣಿತಜ್ಞರ ಲೆಕ್ಕದಲ್ಲಿ ಅರಸಿಯ ಪದವಿಯೂ ಹೋಯಿತು. ಅಲ್ಲಿ ಅವಳು ದಿನಕ್ಕೆ 2,000 ಎಂಬ ಒಂದು ಸಂಖ್ಯೆ ಮಾತ್ರ. ಅಷ್ಟು ಮೊಟ್ಟೆಗಳನ್ನು ಅವಳು ಒಳ್ಳೆಯ ಕಾಲದಲ್ಲಿ ಇಡಬಲ್ಲಳು. ಆಜ್ಞೆ ಮಾಡುವುದು, ಆಳುವುದು ಎಂಬುದೆಲ್ಲ ನಾವು ಅವಳ ಮೇಲೆ ಹೊರಿಸಿದ್ದು.

2006ರ ಕೊನೆಯಲ್ಲಿ ಮತ್ತು 2007ರ ಆರಂಭದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಜೇನು ಸಾಕಣೆಗಾರರು ಒಂದು ವಿಚಿತ್ರವನ್ನು ಕಂಡರು. ಪೆಟ್ಟಿಗೆ ತೆರೆದರೆ ಒಳಗೆ ರಾಣಿ ಇದ್ದಾಳೆ, ಮರಿಗಳಿವೆ, ಜೇನುತುಪ್ಪವಿದೆ. ದೊಡ್ಡ ನೊಣಗಳು ಮಾತ್ರ ಇಲ್ಲ. ಸತ್ತು ಬಿದ್ದಿರುವ ಹೆಣಗಳೂ ಇಲ್ಲ. ಕೆಲವರು ತಮ್ಮ ಗೂಡುಗಳಲ್ಲಿ ನೂರಕ್ಕೆ 30ರಿಂದ 90ರವರೆಗೆ ಕಳೆದುಕೊಂಡರು. ಇದಕ್ಕೆ ಕಾಲೊನಿ ಕೊಲ್ಯಾಪ್ಸ್ ಡಿಸಾರ್ಡರ್ ಎಂದು ಹೆಸರಿಟ್ಟರು. ನುಸಿಯೆಂದರು, ವೈರಸ್ಸೆಂದರು, ಕೀಟನಾಶಕವೆಂದರು, ಮೇವಿನ ಕೊರತೆಯೆಂದರು. ಕಾರಣಗಳ ಪಟ್ಟಿ ಉದ್ದವಾಯಿತೇ ಹೊರತು, ಇಷ್ಟು ದಿನ ಚೆನ್ನಾಗಿದ್ದ ಗೂಡು ಕೆಲವೇ ವಾರಗಳಲ್ಲಿ ಬರಿದಾಗುವುದು ಹೇಗೆ ಎಂಬುದು ಪಟ್ಟಿಯಿಂದ ತಿಳಿಯುವಂತಿರಲಿಲ್ಲ.

ಜೇನುಗೂಡಿನ ಲೆಕ್ಕವನ್ನು ಗಣಕಯಂತ್ರದಲ್ಲಿ ಹಾಕುವ ಪ್ರಯತ್ನ ಅದಕ್ಕೂ ಹಿಂದಿನದು. ಅಮೆರಿಕಾದ ಸಂಶೋಧಕರು ‘ಬೀಪಾಪ್’ ಎಂಬ ಪ್ರತಿರೂಪವನ್ನು 1989ರಲ್ಲಿ ಪ್ರಕಟಿಸಿದ್ದರು. ಆಸ್ಟ್ರಿಯಾದ ಗ್ರಾಟ್ಸ್ ನಗರದವರು 2007ರಲ್ಲಿ ಇನ್ನೊಂದನ್ನು ಕಟ್ಟಿದರು. ಅವುಗಳಲ್ಲಿ ಹವಾಮಾನ, ಮೊಟ್ಟೆ, ಮರಿ, ಆಹಾರ ಎಲ್ಲಕ್ಕೂ ಸ್ಥಾನವಿತ್ತು. ನಮ್ಮ ಹುಡುಗರು ಹಿಡಿದದ್ದು ಅವುಗಳಿಗಿಂತ ಬಹು ಸರಳವಾದುದು. ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಡೇವಿಡ್ ಖೌರಿ, ಮೇರಿ ಮೈಯರ್ಸ್ಕಾ ಮತ್ತು ಆಂಡ್ರೂ ಬ್ಯಾರನ್ ಎಂಬ ಮೂವರು 2011ರಲ್ಲಿ ಪ್ರಕಟಿಸಿದ್ದು. ಇವರು ಗೂಡಿನ ನೊಣಗಳನ್ನು ಎರಡೇ ಪಂಗಡ ಮಾಡಿದರು: ಒಳಗೆಲಸದವು, ಹೊರಗೆಲಸದವು. ಮಠದ ದಾಸೋಹದ ಉಗ್ರಾಣದಲ್ಲಿ ಬರೆಯುವ ಜಮಾಖರ್ಚಿನ ಪುಸ್ತಕವನ್ನು ನೋಡಿದವರಿಗೆ ಇದು ಕಷ್ಟವಲ್ಲ. ದಿನವೂ ಹುಟ್ಟುವ ನೊಣಗಳು ಒಳಗಿನ ಲೆಕ್ಕಕ್ಕೆ ಜಮೆ. ಒಳಗಿನಿಂದ ಹೊರಗೆಲಸಕ್ಕೆ ಹೋದವು ಒಳಗೆ ಖರ್ಚು, ಹೊರಗೆ ಜಮೆ. ಹೊರಗೆ ಸತ್ತವು ಖರ್ಚು. ಇಷ್ಟೇ.

ಆದರೆ ಮೂರು ಕಟ್ಟಳೆಗಳಿವೆ. ಲೆಕ್ಕದ ಜೀವವಿರುವುದು ಅವುಗಳಲ್ಲಿ. ಮೊದಲನೆಯದು, ರಾಣಿ 2,000 ಮೊಟ್ಟೆಯಿಟ್ಟರೂ ಸಾಕುವ ಕೈಗಳಿದ್ದರೆ ತಾನೆ ಮರಿ ಬದುಕುವುದು? ಗೂಡಿನಲ್ಲಿ 27,000 ನೊಣಗಳಿದ್ದರೆ ಅರ್ಧದಷ್ಟು, ಎಂದರೆ ದಿನಕ್ಕೆ 1,000 ಮರಿಗಳು ನೊಣಗಳಾಗಿ ಹೊರಬರುತ್ತವೆ. ಜನ ಹೆಚ್ಚಿದಂತೆ ಇದು ಹೆಚ್ಚುತ್ತದೆ, ಕಡಿಮೆಯಾದಂತೆ ಕಡಿಮೆಯಾಗುತ್ತದೆ. ಎರಡನೆಯದು, ಹೊರಗೆಲಸದವು ಒಂದೂ ಇಲ್ಲದಿದ್ದರೆ ಒಳಗಿನವುಗಳಲ್ಲಿ ನಾಲ್ಕರಲ್ಲೊಂದು ಪಾಲು ಅದೇ ದಿನ ಹೊರಗೆ ಹೊರಡುತ್ತವೆ. ಹೊರಗಿನವು ಒಟ್ಟು ಸಂಖ್ಯೆಯ ಮೂರರಲ್ಲೊಂದು ಪಾಲಾದರೆ ಯಾವುದೂ ಹೊಸದಾಗಿ ಹೊರಡುವುದಿಲ್ಲ. ಮೂರನೆಯದು, ಹೊರಗೆ ಹೋದವುಗಳಲ್ಲಿ ದಿನಕ್ಕೆ ಇಂತಿಷ್ಟು ಪಾಲು ಸಾಯುತ್ತವೆ. ಇದನ್ನು ಅವರು ‘ಎಮ್’ ಎಂಬ ಒಂದು ಅಕ್ಷರದಿಂದ ಸೂಚಿಸಿದರು. ಹಕ್ಕಿ ತಿಂದದ್ದು, ವಿಷ ತಗುಲಿದ್ದು, ದಾರಿ ತಪ್ಪಿದ್ದು ಎಲ್ಲವೂ ಆ ಒಂದು ಅಕ್ಷರದಲ್ಲಿ ಅಡಗಿವೆ. ಸೂತ್ರಕಾರರ ಲಾಘವವನ್ನು ಬಲ್ಲ ನಮ್ಮಂಥವರಿಗೆ ಇದು ಹೊಸತಲ್ಲ.

ಎರಡು ಮೂರು ದಿನಗಳ ಲೆಕ್ಕವನ್ನು ಕೈಯಿಂದಲೇ ಹಾಕಿ ನೋಡಬೇಕೆಂದು ನಾನು ಹಟ ಹಿಡಿದೆ. ಒಳಗೆ 16,000, ಹೊರಗೆ 8,000, ಒಟ್ಟು 24,000 ನೊಣಗಳಿರುವ ಗೂಡು. ಹೊರಗಿನವುಗಳಲ್ಲಿ ದಿನಕ್ಕೆ ನೂರಕ್ಕೆ 40 ಸಾಯುತ್ತವೆಂದು ಇಟ್ಟುಕೊಂಡೆವು. ಮೊದಲ ದಿನ 941 ಹುಟ್ಟಿದವು, ಹೊರಗೆ 3,200 ಸತ್ತವು, ಉಳಿದದ್ದು 21,741. ಹೊರಗಿನವು ಮೂರರಲ್ಲೊಂದು ಪಾಲಿಗಿಂತ ಕಡಿಮೆಯಾದ್ದರಿಂದ ಎರಡನೆಯ ದಿನ ಒಳಗಿನಿಂದ ಸುಮಾರು 1,430 ಹೊರಗೆ ಹೊರಟವು. ಹುಟ್ಟಿದವು 892 ಮಾತ್ರ. ಮೂರನೆಯ ದಿನ ಹೊರಟವು 1,541, ಹುಟ್ಟಿದವು 868. ಒಟ್ಟು ಸಂಖ್ಯೆ 20,000ಕ್ಕೂ ಕೆಳಗಿಳಿಯಿತು. ದಿನದಿನಕ್ಕೆ ಹುಟ್ಟುವವು ಕಡಿಮೆ. ಸಾಯುವವು ಅವುಗಳಿಗಿಂತ ಯಾವಾಗಲೂ ಹೆಚ್ಚು. ಮೂರು ದಿನದ ಲೆಕ್ಕಕ್ಕೆ ನನಗೆ ಒಂದು ಸಂಜೆ ಹಿಡಿಯಿತು. ಯಂತ್ರವು ಇನ್ನೂರು ದಿನದ್ದನ್ನು ಗುಂಡಿಯೊತ್ತಿದೊಡನೆ ಗೆರೆ ಎಳೆದು ತೋರಿಸಿತು. ತಿಂಗಳು ತುಂಬುವ ಮೊದಲೇ ಗೂಡು ಅರ್ಧಕ್ಕೂ ಕೆಳಗೆ ಬಂದು, ಆಮೇಲೆ ನಿಧಾನವಾಗಿ ಬತ್ತುತ್ತ ಹೋಯಿತು.

ಇದಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು. ಸಾವಿನ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ, ಗೂಡು ಕೊನೆಗೆ ಎಲ್ಲಿ ನೆಲೆಗೊಳ್ಳುವುದೆಂದು ನೋಡಿದೆವು. ದಿನಕ್ಕೆ ನೂರಕ್ಕೆ 10ರಂತೆ ಸತ್ತರೆ ಗೂಡು ಸುಮಾರು 44,000 ನೊಣಗಳಲ್ಲಿ ನಿಲ್ಲುತ್ತದೆ. 20ರಂತೆ ಸತ್ತರೆ ಸುಮಾರು 13,600. 30ರಂತೆ ಸತ್ತರೆ 3,300ಕ್ಕೂ ಕಡಿಮೆ. 35 ಮತ್ತು 36ರ ನಡುವೆ ಒಂದು ಗಡಿಯಿದೆ. ಅದನ್ನು ದಾಟಿದರೆ ಸೊನ್ನೆ. ಗಡಿಯ ಈಚೆಗೆ ಗೂಡು ಕ್ಷೀಣವಾಗಿಯಾದರೂ ಇರುತ್ತದೆ. ಆಚೆಗೆ ಎಷ್ಟು ದೊಡ್ಡ ಗೂಡಿನಿಂದ ಆರಂಭಿಸಿದರೂ ಉಳಿಯದು. 24,000ದ ಬದಲು 50,000 ಹಾಕಿ ನೋಡಿದರು ಹುಡುಗರು. ನಾಶವಾಗಲು ಸ್ವಲ್ಪ ಹೆಚ್ಚು ದಿನ ಹಿಡಿಯಿತು, ಅಷ್ಟೆ. ಬೇರೆ ಪೆಟ್ಟಿಗೆಯಿಂದ ನೊಣಗಳನ್ನು ತಂದು ಸುರಿಯುವುದರಿಂದ ಇಂಥ ಗೂಡಿನ ಕಾಲವನ್ನು ಮುಂದೂಡಬಹುದೇ ಹೊರತು ಹಣೆಬರಹವನ್ನು ತಿದ್ದಲಾಗದು. ಹೊರಗಿನ ಸಾವು ಕಡಿಮೆಯಾಗಬೇಕು.

ಆ ಪಟ್ಟಿಯಲ್ಲಿಯೇ ಇನ್ನೊಂದು ಕಲಮು ಇತ್ತು: ನೊಣವು ಸರಾಸರಿ ಎಷ್ಟು ದಿನ ಒಳಗಿದ್ದು ಹೊರಗೆ ಹೊರಡುತ್ತದೆ ಎಂಬುದು. ನೂರಕ್ಕೆ 10 ಸಾಯುವಾಗ 26 ದಿನ. 20 ಸಾಯುವಾಗ 15 ದಿನ. 30 ಸಾಯುವಾಗ 12 ದಿನ. ಗಡಿಯ ಹತ್ತಿರ 11 ದಿನವೂ ಇಲ್ಲ. ಹಿರಿಯರು ಹೊರಗೆ ಸತ್ತಷ್ಟೂ ಕಿರಿಯರು ಬೇಗ ಬೇಗ ಹೊರಡುತ್ತಾರೆ. ಅವರು ಬೇಗ ಹೊರಟಷ್ಟೂ ಗೂಡಿನೊಳಗೆ ಮರಿ ಸಾಕುವವರು ಕಡಿಮೆ. ಸಾಕುವವರು ಕಡಿಮೆಯಾದಷ್ಟೂ ಹುಟ್ಟುವವರು ಕಡಿಮೆ. ಮಿತವಾಗಿದ್ದಾಗ ಗೂಡನ್ನು ಕಾಪಾಡುವ ಉಪಾಯವೇ ಮಿತಿ ಮೀರಿದಾಗ ಅದನ್ನು ಕೊಲ್ಲುತ್ತದೆ.

ಕಿರಿಯ ನೊಣಕ್ಕೆ ‘ನೀನಿನ್ನು ಹೊರಡು’ ಎಂದು ಹೇಳುವವರಾರು? ಯಾರೂ ಇಲ್ಲ. ‘ನೀನಿನ್ನೂ ಇರು’ ಎಂದು ಹೇಳುವವರಿದ್ದಾರೆ. ಹೊರಗೆ ದುಡಿಯುವ ಹಿರಿಯ ನೊಣಗಳಲ್ಲಿ ಎಥಿಲ್ ಓಲಿಯೇಟ್ ಎಂಬ ದ್ರವ್ಯವೊಂದಿದ್ದು, ಅದು ಕಿರಿಯವುಗಳನ್ನು ಮುಟ್ಟಿದಾಗ ಅವು ಹೊರಗೆಲಸಕ್ಕೆ ತೊಡಗುವ ವಯಸ್ಸು ಮುಂದಕ್ಕೆ ಹೋಗುತ್ತದೆಂದು ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಹಿರಿಯರು ಮನೆಗೆ ಹಿಂದಿರುಗುತ್ತಿರುವವರೆಗೆ ಮಕ್ಕಳಿಗೆ ತಡೆಯುಂಟು. ಹಿಂದಿರುಗುವವರು ವಿರಳರಾದರೆ ತಡೆಯೂ ಸಡಿಲವಾಗುತ್ತದೆ. ಹೀಗೆ ಎಳೆಯ ವಯಸ್ಸಿನಲ್ಲಿ ಹೊರಟವು ಏನಾಗುತ್ತವೆ ಎಂಬುದನ್ನು ಸಿಡ್ನಿಯ ಗುಂಪಿನವರೇ ನೊಣಗಳ ಬೆನ್ನಿಗೆ ಅಕ್ಕಿಕಾಳಿಗಿಂತ ಸಣ್ಣ ರೇಡಿಯೋ ಗುರುತುಗಳನ್ನು ಅಂಟಿಸಿ ನೋಡಿದರು, 2015ರಲ್ಲಿ ಪ್ರಕಟವಾಯಿತು. ಬೇಗ ಹೊರಟ ನೊಣಗಳು ಬಾಳಿನಲ್ಲಿ ಮಾಡಿದ ಪ್ರಯಾಣಗಳೇ ಕಡಿಮೆ. ಮೊದಲ ಕೆಲವು ಹಾರಾಟಗಳಲ್ಲಿಯೇ ಸಾಯುವವು ಹೆಚ್ಚು. ಎಂದರೆ ಸತ್ತವರ ಬದಲಿಗೆ ಹೋದ ಕಿರಿಯರು ಸತ್ತವರಷ್ಟು ದುಡಿಯಲಾರರು, ಅವರಷ್ಟು ಬಾಳಲಾರರು.

ನಮ್ಮ ವೇದಿಕೆಗಳ ಮೇಲೆ ಜೇನ್ನೊಣವು ಕಾಯಕಕ್ಕೆ ಉದಾಹರಣೆಯಾಗಿ ಬರುತ್ತಲೇ ಇರುತ್ತದೆ. ‘ಮಕ್ಕಳೇ, ಜೇನನ್ನು ನೋಡಿ ದುಡಿಯುವುದನ್ನು ಕಲಿಯಿರಿ’ ಎಂದು ನಾನೂ ಎಷ್ಟೋ ಸಾರಿ ಕೇಳಿದ್ದೇನೆ. ಆ ಉಪದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜೇನುಗೂಡಿನ ವ್ಯವಸ್ಥೆಯಲ್ಲಿ ದುಡಿಮೆಗಿಂತ ವಿಶೇಷವಾದುದು ನನಗೆ ಈಗ ಬೇರೆ ಕಾಣುತ್ತದೆ: ಎಳೆಯವುಗಳನ್ನು ಹೊರಗೆ ಬಿಡದೆ ಒಳಗಿರಿಸಿಕೊಳ್ಳುವ ಅದರ ಎಚ್ಚರ.

ಬರಗಾಲದ ವರ್ಷಗಳಲ್ಲಿ ನಮ್ಮ ಉಚಿತ ವಿದ್ಯಾರ್ಥಿನಿಲಯದ ಹಾಜರಿ ಪುಸ್ತಕವನ್ನು ನೋಡಿದವರಿಗೆ ನಾನು ಏನು ಹೇಳಹೊರಟಿರುವೆನೆಂದು ತಿಳಿದಿರಬಹುದು. ಕಟ್ಟಡದ ಸಾರುವೆಯಿಂದ ತಂದೆ ಬಿದ್ದು ನಡು ಮುರಿದುಕೊಂಡ ಮೇಲೆ ಒಬ್ಬ ಹುಡುಗ ಹೊರಟುಹೋದ. ಹಳಗನ್ನಡ ಪದ್ಯಗಳ ಅನ್ವಯವನ್ನು ಹೇಳಿಕೊಟ್ಟ ಕೂಡಲೇ ಹಿಡಿಯುತ್ತಿದ್ದ ಹುಡುಗ. ಹದಿನಾಲ್ಕು ವರ್ಷ. ತಂದೆ ಮಾಡುತ್ತಿದ್ದ ಕೆಲಸಕ್ಕೇ ಹೋದನೆಂದು ಕೇಳಿದೆ. ಪುಸ್ತಕ ಕಳುಹಿಸಿದೆವು, ಬಟ್ಟೆ ಕಳುಹಿಸಿದೆವು, ಪರೀಕ್ಷೆಯ ಶುಲ್ಕ ಕಟ್ಟಿದೆವು. ಎರಡು ವರ್ಷದ ಮೇಲೆ ಜಾತ್ರೆಯಲ್ಲಿ ಸಿಕ್ಕಿ ಕಾಲು ಮುಟ್ಟಿ ನಮಸ್ಕರಿಸಿದ. ಅಂಗೈ ಸಿಮೆಂಟಿನಿಂದ ಬಿರಿದಿತ್ತು. ‘ತಮ್ಮ ಓದುತ್ತಿದ್ದಾನೆಯೇನಪ್ಪಾ?’ ಎಂದೆ. ‘ಅವನೂ ನನ್ನ ಜೊತೆಗೇ ಬಂದಾನ್ರೀ ಗುರುಗಳೇ’ ಎಂದ. ತಮ್ಮನಿಗೆ ಆಗ ಹನ್ನೆರಡು. ಆ ಪಟ್ಟಿಯ 26, 15, 12 ಎಂಬ ಅಂಕಿಗಳನ್ನು ಗಣಕದ ತೆರೆಯ ಮೇಲೆ ಕಂಡಾಗ ನನಗೆ ಜಾತ್ರೆಯ ಆ ಮಾತು ನೆನಪಾಯಿತು. ಹುಡುಗರ ಮುಂದೆ ಹೇಳಲಿಲ್ಲ.

ಇಲ್ಲಿ ಅಲಂಕಾರಶಾಸ್ತ್ರದವನಾಗಿ ನಾನು ಎಚ್ಚರದಿಂದಿರಬೇಕು. ಮನುಷ್ಯನ ಮಗು ಜೇನ್ನೊಣವಲ್ಲ. ಉಪಮೆಗೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ. ಮುಖವು ಚಂದ್ರನಂತೆ ಕಾಂತಿಯುಳ್ಳದ್ದು ಎಂದರೆ ಸಮಾನಧರ್ಮವಾದ ಕಾಂತಿಯೊಂದನ್ನು ಬಿಟ್ಟು ಚಂದ್ರನ ಬೇರೆ ಯಾವ ಗುಣವನ್ನೂ ಮುಖಕ್ಕೆ ತರುವಂತಿಲ್ಲ. ಕಳಂಕವನ್ನೂ ಇಲ್ಲ, ಕೃಷ್ಣಪಕ್ಷದ ಕ್ಷಯವನ್ನೂ ಇಲ್ಲ. ವಿಜ್ಞಾನಿಗಳ ಪ್ರತಿರೂಪವೆಂಬುದು ಒಂದು ಪೂರ್ಣೋಪಮೆ ಎಂದು ನಾನು ಗಣಿತದ ಅಧ್ಯಾಪಕರಿಗೆ ಹೇಳಿದೆ. ಗೂಡು ಉಪಮೇಯ, ಸಮೀಕರಣ ಉಪಮಾನ, ಹುಟ್ಟುಸಾವುಗಳ ಪ್ರಮಾಣ ಸಮಾನಧರ್ಮ. ಉಪಮೆಯನ್ನು ಮರೆತು ರೂಪಕವೆಂದು ತಿಳಿದು, ಸಮೀಕರಣವೇ ಗೂಡು ಎಂದು ಅಭೇದ ಕಲ್ಪಿಸಿದರೆ ಕೆಟ್ಟಿತು. ಸಿಡ್ನಿಯವರ ಆ ಮೊದಲ ಪ್ರತಿರೂಪದಲ್ಲಿ ಋತುಗಳಿಲ್ಲ, ರೋಗವಿಲ್ಲ, ಒಳಗಿನ ನೊಣಗಳಿಗೆ ಸಾವೇ ಇಲ್ಲ. ಅವರೇ ಅದನ್ನು ಹೇಳಿದ್ದಾರೆ. 2013ರಲ್ಲಿ ಆಹಾರದ ಲೆಕ್ಕವನ್ನೂ ಸೇರಿಸಿದರು. 2014ರಲ್ಲಿ ಬ್ರಿಟನ್ನಿನ ಎಕ್ಸಿಟರ್ ವಿಶ್ವವಿದ್ಯಾಲಯದ ಮಥಿಯಾಸ್ ಬೆಕರ್ ಮತ್ತು ಸಂಗಡಿಗರು ಪ್ರಕಟಿಸಿದ ‘ಬೀಹೇವ್’ ಎಂಬುದರಲ್ಲಿ ಹೂವಿನ ಹೊಲಗಳ ದೂರ, ಹವೆ, ವರೋವಾ ಎಂಬ ನುಸಿ, ಅದು ಹರಡುವ ವೈರಸ್ ಎಲ್ಲವೂ ಸೇರಿವೆ. ಅಂಗಗಳು ಹೆಚ್ಚಿದವು. ಉಪಮೆ ಉಪಮೆಯೇ.

ಇದು ಬರಿಯ ಪಾಂಡಿತ್ಯದ ಮಾತಲ್ಲವೆಂಬುದಕ್ಕೆ 2012ರಲ್ಲಿ ನಡೆದ ಒಂದು ವಾದವೇ ಸಾಕ್ಷಿ. ಫ್ರಾನ್ಸಿನ ಮಿಕಾಯೆಲ್ ಹೆನ್ರಿ ಮತ್ತು ಅವರ ಸಂಗಡಿಗರು ಥಯಾಮೆಥಾಕ್ಸಾಮ್ ಎಂಬ ಕೀಟನಾಶಕವನ್ನು ಕೊಲ್ಲಲಾರದಷ್ಟು ಅಲ್ಪ ಪ್ರಮಾಣದಲ್ಲಿ ನೊಣಗಳಿಗೆ ಉಣಿಸಿ, ದೂರದಲ್ಲಿ ಬಿಟ್ಟು, ಎಷ್ಟು ಮನೆಗೆ ಬರುತ್ತವೆಂದು ಎಣಿಸಿದರು. ವಿಷ ಉಂಡವುಗಳಲ್ಲಿ ದಾರಿ ತಪ್ಪಿದವು ಹೆಚ್ಚು. ಆ ಸಂಖ್ಯೆಯನ್ನು ಸಿಡ್ನಿಯವರ ಪ್ರತಿರೂಪದಲ್ಲಿ ‘ಎಮ್’ ಅಕ್ಷರದ ಸ್ಥಾನದಲ್ಲಿಟ್ಟಾಗ ಗೂಡು ಕುಸಿಯುವ ಅಪಾಯ ಕಂಡಿತು. ಒಡನೆಯೇ ಬ್ರಿಟನ್ನಿನ ಜೇಮ್ಸ್ ಕ್ರೆಸ್‌ವೆಲ್ ಮತ್ತು ಹೆಲೆನ್ ಥಾಂಪ್ಸನ್ ಆಕ್ಷೇಪವೆತ್ತಿದರು: ಬೆಳೆ ಹೂಬಿಡುವ ವಸಂತದಲ್ಲಿ ಗೂಡು ಬೆಳೆಯುವ ವೇಗ ನೀವು ಹಿಡಿದದ್ದಕ್ಕಿಂತ ಹೆಚ್ಚು, ಅದನ್ನು ಸರಿಯಾಗಿಟ್ಟರೆ ಕುಸಿತ ಕಾಣುವುದಿಲ್ಲ ಎಂದು. ಫ್ರಾನ್ಸಿನವರು ಉತ್ತರ ಕೊಟ್ಟರು. ಸಾವಿನ ಸಂಖ್ಯೆಯ ಬಗ್ಗೆ ಅಲ್ಲ, ಹುಟ್ಟಿನ ಸಂಖ್ಯೆಯ ಬಗ್ಗೆ ವಾದ ನಿಂತಿತ್ತು. ನಮ್ಮ ವ್ಯಾಖ್ಯಾನಕಾರರು ಒಂದು ವಿಭಕ್ತಿಪ್ರತ್ಯಯದ ಮೇಲೆ ಪುಟಗಟ್ಟಲೆ ವಾದಿಸುವುದನ್ನು ಕಂಡು ನಗುವವರು ಇದನ್ನು ನೋಡಬೇಕು. ಒಂದು ಸಂಖ್ಯೆ ಬದಲಾದರೆ ಸಾಯುವ ಗೂಡು ಬದುಕುತ್ತದೆ. ಯೂರೋಪಿನ ಒಕ್ಕೂಟವು 2013ರಲ್ಲಿ ಈ ಕೀಟನಾಶಕವೂ ಸೇರಿದಂತೆ ಅದೇ ವರ್ಗದ ಮೂರರ ಬಳಕೆಗೆ ಕಡಿವಾಣ ಹಾಕಿ, 2018ರಲ್ಲಿ ಬಯಲಿನ ಬೆಳೆಗಳಲ್ಲಿ ಬಳಸುವುದನ್ನೇ ನಿಷೇಧಿಸಿತು. ಅದು ಈ ಒಂದು ಲೆಕ್ಕದ ಮೇಲೆ ನಿಂತ ತೀರ್ಮಾನವಲ್ಲ, ಹಲವು ಪ್ರಯೋಗಗಳನ್ನು ತೂಗಿದ್ದು. ನನ್ನ ಅಭಿಪ್ರಾಯ ಕೇಳಿದರೆ, ಗಡಿ ಎಲ್ಲಿದೆಯೆಂಬುದು ಸಂದೇಹವಿರುವಾಗ ಗಡಿಯಿಂದ ದೂರವಿರುವುದೇ ವಿವೇಕ.

ಇನ್ನು ನಮ್ಮ ತುಡುವೆಯ ಸಂಗತಿ. 1991–92ರ ಸುಮಾರಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಗೂಡುಗಳನ್ನು ಬಹುಪಾಲು ನಾಶಮಾಡಿತು. ನಾನಾಗ ವಿದ್ವತ್ ಪರೀಕ್ಷೆಗೆ ಓದುತ್ತಿದ್ದೆ. ಮಲೆನಾಡಿನಲ್ಲಿ ನಮ್ಮ ಸೋದರಮಾವನವರ ಅಡಿಕೆ ತೋಟದಲ್ಲಿದ್ದ ಪೆಟ್ಟಿಗೆಗಳು ಒಂದೇ ವರ್ಷದಲ್ಲಿ ಬರಿದಾದವು. ಅವರು ಅವುಗಳನ್ನು ಆಮೇಲೆ ಅಡಿಕೆ ಸಿಪ್ಪೆ ತುಂಬಲು ಇಟ್ಟುಕೊಂಡರು. ಅಲ್ಲಿ ಸತ್ತದ್ದು ಹೊರಗಿನ ನೊಣವಲ್ಲ, ಒಳಗಿನ ಮರಿ. ಮರಿಹುಳು ನೀರು ತುಂಬಿದ ಚೀಲದಂತಾಗಿ ಕಣದಲ್ಲೇ ಸಾಯುತ್ತದೆ. ಜಮಾಖರ್ಚಿನಲ್ಲಿ ಇದು ಖರ್ಚು ಹೆಚ್ಚಿದ್ದಲ್ಲ, ಜಮೆ ನಿಂತದ್ದು. ಕುತೂಹಲಕ್ಕಾಗಿ ಸಿಡ್ನಿಯವರ ಸಂಖ್ಯೆಗಳನ್ನೇ ಇಟ್ಟು ನೋಡಿದೆವು. ಹೊರಗಿನ ಸಾವು ನೂರಕ್ಕೆ 10 ಮಾತ್ರ ಇರುವ ಸುಭಿಕ್ಷದ ಗೂಡಿನಲ್ಲಿ ಕೂಡ, 2,000ದ ಸ್ಥಾನದಲ್ಲಿ 760ಕ್ಕಿಂತ ಕಡಿಮೆಯಾದರೆ ಗೂಡು ಉಳಿಯುವುದಿಲ್ಲ. ಎರಡು ದಿಕ್ಕಿನಿಂದಲೂ ಗಡಿಯಿದೆ.

ಆದರೆ ಈ ಸಂಖ್ಯೆಗಳು ತುಡುವೆಗೆ ಸಲ್ಲುವುದಿಲ್ಲ. ತುಡುವೆಯ ಸಂಸಾರ ಚಿಕ್ಕದು, ಅದರ ರಾಣಿ ಇಡುವ ಮೊಟ್ಟೆಗಳೂ ಕಡಿಮೆ. ವರೋವಾ ನುಸಿ ಮೊದಲು ಇದ್ದದ್ದು ತುಡುವೆಯ ಮೇಲೆಯೇ. ತುಡುವೆ ಅದರೊಡನೆ ಹೇಗೋ ಬಾಳುವುದನ್ನು ಕಲಿತಿದೆ, ಮೆಲ್ಲಿಫೆರಾ ಕಲಿತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಷ್ಟ ಬಂದರೆ ತುಡುವೆಯು ಗೂಡನ್ನೇ ಬಿಟ್ಟು ಸಂಸಾರಸಮೇತ ಹೊರಟುಹೋಗುತ್ತದೆ. ನಮ್ಮ ಸೀಮೆಯ ಜನ ಗುಳೆ ಹೋಗುವಂತೆ. ಸಿಡ್ನಿಯವರ ಜಮಾಖರ್ಚಿನಲ್ಲಿ ಗುಳೆಗೆ ಕಲಮು ಇಲ್ಲ. ಬರಿದಾದ ಪೆಟ್ಟಿಗೆಯನ್ನು ಕಂಡು ಸತ್ತವೆನ್ನಬೇಕೋ ಹೋದವೆನ್ನಬೇಕೋ ಎಂಬುದು ತುಡುವೆಯ ಮಟ್ಟಿಗೆ ದೊಡ್ಡ ಪ್ರಶ್ನೆ.

ಆದುದರಿಂದ ನಮ್ಮ ತುಡುವೆಯ ಸಂಖ್ಯೆಗಳನ್ನು ನಾವೇ ಎಣಿಸಬೇಕೆಂದು ಹುಡುಗರು ಹೊರಟಿದ್ದಾರೆ. ಮಠದ ಹೂದೋಟದ ನುಗ್ಗೆಮರದ ಬುಡದಲ್ಲಿ ಒಂದು ಪೆಟ್ಟಿಗೆಯಿದೆ. ಬೆಳಿಗ್ಗೆ 8 ಗಂಟೆಗೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ತಲಾ ಹತ್ತು ನಿಮಿಷ ಬಾಗಿಲಲ್ಲಿ ಕುಳಿತು, ಒಳಗೆ ಬರುವ ನೊಣಗಳನ್ನೂ ಅವುಗಳಲ್ಲಿ ಕಾಲಿಗೆ ಪರಾಗ ಮೆತ್ತಿಕೊಂಡವನ್ನೂ ಎಣಿಸಿ ಬರೆಯುತ್ತಾರೆ. ಬರುವವುಗಳ ಲೆಕ್ಕ ಸುಲಭ, ಬಾರದಿರುವವುಗಳದು ಕಷ್ಟ. ಅದಕ್ಕಾಗಿ ಕಳೆದ ಸೋಮವಾರ 40 ನೊಣಗಳ ಬೆನ್ನಿಗೆ ಬಿಳಿಯ ಬಣ್ಣದ ಚುಕ್ಕೆಯಿಟ್ಟರು. ಇಬ್ಬರು ಕುಟುಕಿಸಿಕೊಂಡರು. ಶುಕ್ರವಾರದವರೆಗೆ ಅವುಗಳಲ್ಲಿ 31ನ್ನು ಮತ್ತೆ ಕಂಡಿದ್ದಾರೆ. ಉಳಿದ 9 ಸತ್ತವೋ, ಒಳಗೇ ಇವೆಯೋ, ಅಥವಾ ಚುಕ್ಕೆ ಉದುರಿ ಗುರುತು ಸಿಗದಾದವೋ ಎಂಬ ವಿಷಯದಲ್ಲಿ ಹುಡುಗರಲ್ಲಿ ಎರಡು ಪಕ್ಷಗಳಾಗಿವೆ. ಗಣಿತದ ಅಧ್ಯಾಪಕರು ಮುಂದಿನ ವಾರ ಹಳದಿ ಬಣ್ಣದಲ್ಲಿ ಇನ್ನೂ 40ಕ್ಕೆ ಚುಕ್ಕೆಯಿಡಿಸುವವರಿದ್ದಾರೆ.